ಸಾಸಿವೆ ಸಬ್ಬಿನ ಗಾಡಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಎತ್ತಿನ ಗಾಡಿಯಲ್ಲಿ ಹೋಗಿಬಂದ ಪ್ರಯಾಣವನ್ನು ನಾನು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಾವಲಿನ ದನ, ಬಂಡೆಯ ಮೇಲೆ ಕಂಡ ಕರಡಿ, ಗಾಡಿ ಹೊಡೆಯುವವನ ತಮಾಷೆ ಇವನ್ನೆಲ್ಲ ಕೇಳಿ ಮೊಮ್ಮಕ್ಕಳು ನಕ್ಕಿದ್ದಾರೆ. ಹೇಳುವಾಗಲೆಲ್ಲ ಮೊಳಕಾಲ್ಮೂರಿನ ಒಂದು ಅಂಗಡಿಯ ಜಗಲಿಯನ್ನು ಹಾರಿಸಿ ಮುಂದಕ್ಕೆ ಹೋಗಿದ್ದೇನೆ. ಬರೆಯಲು ಕುಳಿತಾಗಲೂ ಅಲ್ಲಿಗೆ ಬಂದು ನಿಲ್ಲಿಸಿ, ನಾಳೆ ನೋಡೋಣವೆಂದು ಎದ್ದಿದ್ದೇನೆ. ಹೆಂಡತಿ ಇರುವತನಕ ಬೇಡ ಎಂದು ಮುಂದೂಡಿದೆ. ಅವಳು ಹೋಗಿ ಬಹಳ ಕಾಲವಾಯಿತು. ಇನ್ನು ನೆಪಗಳಿಲ್ಲ.

ಮೊದಲ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮುಗಿಸಿ, ಮುಂದೆ ಓದುವ ಅನುಕೂಲವಿಲ್ಲದೆ ಊರಿಗೆ ಮರಳಿ, ಚಳ್ಳಕೆರೆಯಲ್ಲಿ ಅಪ್ಪನ ಕಾಳಿನ ಅಂಗಡಿಯಲ್ಲಿ ಕೂರುತ್ತಿದ್ದೆ. ನಮ್ಮ ಹಿತ್ತಿಲ ಆಚೆ ಒಂದು ಎಣ್ಣೆ ಗಾಣವಿತ್ತು. ಗಾಣ ನಡೆಸುತ್ತಿದ್ದವನು ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ಹೆಂಡತಿ ರಾಯದುರ್ಗದ ಕಡೆಯವಳು, ಮನೆಮಾತು ತೆಲುಗು. ನಮ್ಮ ಕೇರಿಯಲ್ಲಿ ತೆಲುಗು ಎಲ್ಲರಿಗೂ ತಿಳಿಯುತ್ತಿದ್ದುದರಿಂದ ಅವಳು ಕನ್ನಡವನ್ನು ಸಂತೆಗೆ ಬೇಕಾದಷ್ಟು ಮಾತ್ರ ಕಲಿತಿದ್ದಳು. ಅವಳ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಸಬ್ಬು, ಎಂದರೆ ಸಾಬೂನು, ಮಾಡುತ್ತಿದ್ದಳು, ಅದಕ್ಕೆ ಸಬ್ಬಿನವ್ವ.

ಆಗ ಪೇಟೆಯಲ್ಲಿ ದೂರದ ಕಾರ್ಖಾನೆಗಳ ಬಣ್ಣದ ಸೋಪುಗಳು ಕಾಣಿಸತೊಡಗಿದ್ದವು. ಅವುಗಳಲ್ಲಿ ದನದ ಕೊಬ್ಬು ಇರುತ್ತದೆಂಬ ಮಾತು ಹಬ್ಬಿ, ಮಡಿವಂತರ ಮನೆಗಳಲ್ಲಿ ಅವನ್ನು ಬಚ್ಚಲಿಗೂ ಬಿಡುತ್ತಿರಲಿಲ್ಲ. ಸೀಗೆಪುಡಿ, ಕಡಲೆಹಿಟ್ಟು, ಅಂಟುವಾಳವೇ ನಡೆಯುತ್ತಿತ್ತು. ಸಬ್ಬಿನವ್ವ ಹಿಡಿದದ್ದು ಈ ಕೊಬ್ಬಿನ ಅಂಜಿಕೆಯನ್ನೇ. ಬೇಸಿಗೆಯ ಬೆಳಿಗ್ಗೆ ಬೆಳ್ಳಗೆ ಪುಟಿದೇಳುವ ಸವುಳು ಮಣ್ಣನ್ನು ಕೆರೆದು ತಂದು, ಸುಣ್ಣ ಕಲಸಿ, ಹುಲ್ಲು ತುಂಬಿದ ಗಡಿಗೆಯಲ್ಲಿ ಸೋಸಿ ಕಾರದ ನೀರು, ಎಂದರೆ ಕ್ಷಾರ, ಇಳಿಸುವಳು. ಅದನ್ನು ಹೊಂಗೆ, ಹಿಪ್ಪೆ ಎಣ್ಣೆಯೊಂದಿಗೆ ಕುದಿಸಿ ಮರದ ಅಚ್ಚಿಗೆ ಹೊಯ್ಯುವಳು. ಕೊಬ್ಬಿನ ಸೋಂಕಿಲ್ಲದ ಸಬ್ಬು ಎಂಬುದೇ ಅವಳ ವ್ಯಾಪಾರ. ಬಾಣಂತಿಯರ ಬಿಲ್ಲೆಗೆ ಮಾತ್ರ ಮೈ ಬೆಚ್ಚಗಿರಲೆಂದು ಸ್ವಲ್ಪ ಸಾಸಿವೆ ಎಣ್ಣೆ ಸೇರಿಸುವಳು. ನಮ್ಮ ಅವ್ವ ಮಂಡಿನೋವಿಗೆ ಅದನ್ನೇ ಹಚ್ಚಿ ತೊಳೆಯುತ್ತಿದ್ದಳು.

ಕಾರದ ನೀರು ಹದಕ್ಕೆ ಬಂದಿತೇ ಎಂದು ತಿಳಿಯಲು ಅವಳು ಒಂದು ತೊಟ್ಟನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಳ್ಳುತ್ತಿದ್ದಳು. ವರ್ಷಗಟ್ಟಲೆ ಹೀಗೆ ಮಾಡಿ ನಾಲಿಗೆಯ ತುದಿ ಬೆಳ್ಳಗೆ ಸುಟ್ಟು ದಡ್ಡುಗಟ್ಟಿತ್ತು. ಹಾಗಾಗಿ ಮಾತಿನ ಕೊನೆಯ ಅಕ್ಷರ ಯಾವಾಗಲೂ ಬಾಯಲ್ಲೇ ಉಳಿದು ಮಸುಕಾಗುತ್ತಿತ್ತು. ಕೇಳಿ ರೂಢಿಯಿದ್ದ ನಮಗೆ ತೊಂದರೆ ಆಗುತ್ತಿರಲಿಲ್ಲ.

ಗಾಣ ಅವಳದಲ್ಲ, ರಾಯದುರ್ಗದಲ್ಲಿದ್ದ ಮೈದುನನದು. ಯುಗಾದಿಯೊಳಗೆ ಸಬ್ಬಿನಿಂದ ನೆಲೆ ಕಂಡುಕೊಳ್ಳದಿದ್ದರೆ ಗಾಣ ಮಾರಿ ಅವಳನ್ನು ತನ್ನ ಮನೆಗೆ ಕರೆದುಕೊಳ್ಳುತ್ತೇನೆಂದು ಅವನು ಹೇಳಿಹೋಗಿದ್ದ. ಕರೆದುಕೊಳ್ಳುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಆ ಮನೆಯ ಬೀಸುವ ಕಲ್ಲಿನ ಹಿಂದೆ ಆಗಲೇ ಒಬ್ಬ ವಿಧವೆ ಅತ್ತೆ ಸವೆದುಹೋಗಿದ್ದಳು.

ಆಗ ಮೊಳಕಾಲ್ಮೂರಿನಿಂದ ಕರೆ ಬಂತು. ಅಲ್ಲಿನ ಒಬ್ಬ ಸಾಹುಕಾರರು ನೇಕಾರರಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸುತ್ತಿದ್ದರು. ಹಸಿ ರೇಷ್ಮೆಗೆ ಅಂಟು ಇರುತ್ತದೆ. ಸಬ್ಬಿನ ನೀರಿನಲ್ಲಿ ಕುದಿಸಿದರೆ ಅಂಟು ಬಿಟ್ಟು ಎಳೆ ಮೆತ್ತಗಾಗಿ ಹೊಳಪು ಬರುತ್ತದೆ. ಅಪ್ಪನ ಮೂಲಕ ಕಳಿಸಿದ್ದ ಅವಳ ಸಬ್ಬಿನಲ್ಲಿ ಕುದಿಸಿದ ರೇಷ್ಮೆ ಚೆನ್ನಾಗಿ ಬಂದಿತ್ತು. ಒಂದು ಗಾಡಿ ಸಬ್ಬು ತರಲಿ, ಒಪ್ಪಿಗೆಯಾದರೆ ಅವಳು ಮಾಡಿದ್ದನ್ನೆಲ್ಲ ತಾವೇ ಕೊಳ್ಳುತ್ತೇವೆಂದು ಅವರು ಹೇಳಿಕಳಿಸಿದರು. ಅದೇ ಸಾಹುಕಾರರ ಮಗಳನ್ನು ನನಗೆ ಕೇಳುವ ಮಾತೂ ನಡೆದಿತ್ತು.

"ನೀನೂ ಹೋಗಿ ಬಾ" ಎಂದರು ಅಪ್ಪ. "ಆಯಮ್ಮನಿಗೆ ಮಾತಿಗೆ ಆಗ್ತೀಯಾ. ಅವರೂ ನಿನ್ನ ನೋಡಿದಂಗಾಗ್ತದೆ."

ಮಾಘ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳು. ಸೂರ್ಯ ಹುಟ್ಟುವಾಗ ಹೊರಟೆವು. ಮೊಳಕಾಲ್ಮೂರು ಸುಮಾರು ಮೂವತ್ತು ಮೈಲಿ. ಈಗ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ಆಗ ನಡುವೆ ಒಂದು ರಾತ್ರಿ ತಂಗಲೇಬೇಕಿತ್ತು. ಗಾಡಿ ಬೋರಯ್ಯನದು. ಅವನು ಎತ್ತುಗಳಿಗಿಂತ ಹೆಚ್ಚಾಗಿ ಮನುಷ್ಯರನ್ನು ತಿವಿಯುವ ಆಸಾಮಿ. ಹುಲ್ಲು ಹಾಸಿ ಬುಟ್ಟಿಗಳನ್ನು ಕೂರಿಸಿದ್ದೆವು. ಮೇಲೆ ಒದ್ದೆ ಗೋಣಿ. ಬಿಸಿಲೇರಿದಂತೆ ಹೊಂಗೆಯ ಕಹಿ ವಾಸನೆ ಹಿಂದಿನಿಂದ ಬಂದು ಮೂಗಿಗೆ ಹತ್ತುತ್ತಿತ್ತು. ಎಡಕ್ಕೆ ಕುದಾಪುರದ ಕಡೆಗೆ ಕಾವಲು ಒಣಗಿ ಹಳದಿಯಾಗಿ ಹರಡಿತ್ತು. ಉದ್ದ ಕೊಂಬಿನ ದನಗಳು ತಲೆಯೆತ್ತಿ ನಮ್ಮ ಗಾಡಿಯನ್ನು ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದವು.

ಮಧ್ಯಾಹ್ನ ತಳಕಿನ ಕೆರೆ ಏರಿಯ ಕೆಳಗೆ ಎತ್ತು ಬಿಚ್ಚಿದೆವು. ಕೆರೆಯಲ್ಲಿ ನೀರು ನಡುವಿಗೆ ಸರಿದಿತ್ತು. ಸಬ್ಬಿನವ್ವ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಬಿಚ್ಚಿ ನನಗೂ ಕೊಡಲು ಬಂದಳು. ನಾನು ಬುತ್ತಿಯ ಮೊಸರನ್ನ ತಿಂದು ಮುಗಿಸಿದ್ದೆ. ನನ್ನ ತೆಲುಗನ್ನು ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ, ಅನ್ನ ಉಂಡೆ ಎನ್ನಲು, "ಅನ್ನನು ತಿನ್ನಾನು" ಎಂದೆ.

ಅವಳು ಬಾಯಿಗೆ ಸೆರಗು ಹಿಡಿದು ಬಿದ್ದು ಬಿದ್ದು ನಕ್ಕಳು. ತೆಲುಗಿನಲ್ಲಿ ನಾನು ಹೇಳಿದ್ದು ಅಣ್ಣನನ್ನು ತಿಂದೆ ಎಂದಾಗಿತ್ತು.

ಬೋರಯ್ಯನಿಗೆ ಹಬ್ಬ; ನಾಲ್ಕಕ್ಷರ ಕಲಿತಿದ್ದಕ್ಕೆ ಅವನು ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದ. "ಏನ್ ಮೇಷ್ಟ್ರೇ, ಒಡಹುಟ್ಟಿದೋನ್ನೇ ನುಂಗಿದ್ರಾ? ಉಪ್ಪು ಸಾಕಾತಾ? ಲೇ ಬಸವ, ದೂರ ನಿಂತ್ಕಳ್ಲೇ, ಮೇಷ್ಟ್ರಿಗೆ ಇನ್ನೂ ಹಸಿವೈತೆ!" ಎಂದು ಎತ್ತಿಗೆ ಹೇಳಿದ.

ನಾನೂ ನಕ್ಕೆ. ಒಳಗೆ ಮಾತ್ರ ಸುಟ್ಟುಹೋಯಿತು. ಹೈಸ್ಕೂಲು ಓದಿದವನನ್ನು ನೋಡಿ ಗಾಣದ ಹೆಂಗಸು ನಕ್ಕಳಲ್ಲ ಎಂಬ ಸಣ್ಣತನ.

ಆಕೆಗೆ ಅದು ಕಾಣಲಿಲ್ಲ. ನಗು ನಿಂತ ಮೇಲೆ ಹತ್ತಿರ ಬಂದು ಕುಳಿತು, ತನ್ನ ಹೆಸರು ಕನ್ನಡದ ಅಕ್ಷರದಲ್ಲಿ ಹೇಗಿರುತ್ತದೆಂದು ಕೇಳಿದಳು. ಸಾಹುಕಾರರು ಒಪ್ಪಿದರೆ ಹೊಸ ಅಚ್ಚು ಮಾಡಿಸಬೇಕು, ಬಿಲ್ಲೆಯ ಮೇಲೆ ಹೆಸರು ಎದ್ದು ಕಾಣಬೇಕು ಎಂಬುದು ಅವಳ ಆಸೆ. ನಾನು ಕೆರೆಯ ಮರಳಿನ ಮೇಲೆ ಕಡ್ಡಿಯಿಂದ ಬರೆದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಗಾಡಿ ಕಟ್ಟಿದಾಗ ಆ ಬರಹವನ್ನು ತುಳಿಯದೆ ಸುತ್ತು ಹಾಕಿಕೊಂಡು ಬಂದು ಹತ್ತಿದಳು.

ಸಂಜೆಗೆ ಕೊಂಡ್ಲಹಳ್ಳಿ. ಅಪ್ಪನ ಪರಿಚಯದ ರೈತರೊಬ್ಬರ ಮನೆಯಲ್ಲಿ ಇಳಿದೆವು. ಮುದ್ದೆ, ಹುರುಳಿ ಸಾರು ಬಡಿಸಿದರು. ಆ ಮನೆಯಲ್ಲಿ ಹೆರಿಗೆಗೆ ಬಂದ ಮಗಳಿದ್ದಳು. ಸಬ್ಬಿನವ್ವ ಬುಟ್ಟಿಯಿಂದ ಬಾಣಂತಿ ಬಿಲ್ಲೆಯೊಂದನ್ನು ತೆಗೆದು ಕೊಟ್ಟಳು. ಮನೆಯ ಯಜಮಾನಿ ಮೂಸಿ, "ಏನೋ ಘಾಟು ಐತಲ್ಲವ್ವ, ಏನ್ ಹಾಕೀಯಾ?" ಎಂದಳು.

"ಆವ ನೂನೆ" ಎಂದಳು ಇವಳು.

"ಸಾಸಿವೆ ಎಣ್ಣೆ ಅಂತಾಳ್ರಿ" ಎಂದು ನಾನು ಒಡನೆ ಹೇಳಿದೆ. ಯಜಮಾನಿ ತಲೆಯಾಡಿಸಿ, ಸಾಸಿವೆ ಬಾಣಂತಿಗೆ ಒಳ್ಳೆಯದೇ ಎಂದು ಒಳಗೆ ಇಟ್ಟುಕೊಂಡಳು.

ತೆಲುಗಿನಲ್ಲಿ ಸಾಸಿವೆಗೆ ಆವ, ಆವಾಲು ಎನ್ನುತ್ತಾರೆ. ಹಸುವಿಗೆ ಆವು ಎನ್ನುತ್ತಾರೆ. ಅದು ನನಗೆ ಗೊತ್ತಿತ್ತು ಎಂದು ತಿಳಿಯಲಿ ಎಂದೇ ಕೊಂಡ್ಲಹಳ್ಳಿಯ ಈ ಮಾತನ್ನು ಇಲ್ಲಿ ಬರೆದಿದ್ದೇನೆ.

ಬೆಳಿಗ್ಗೆ ಗಾಡಿಯಲ್ಲಿ ಅವಳು ಕೇಳಿದಳು, ನಿನ್ನೆ ನೀನು ಆವಕ್ಕೆ ಹೇಳಿದ ಕನ್ನಡದ ಮಾತು ಯಾವುದು, ಇನ್ನೊಮ್ಮೆ ಹೇಳು, ಕಲಿತುಕೊಳ್ಳುತ್ತೇನೆ ಎಂದು. ಹೇಳಬಹುದಿತ್ತು. ಮೂರಕ್ಷರದ ಮಾತು. ಆದರೆ ತಳಕಿನ ನಗು ಇನ್ನೂ ಕಿವಿಯಲ್ಲಿತ್ತು, ಅವಳು ನನ್ನನ್ನು ಆಶ್ರಯಿಸಿಯೇ ನಿಲ್ಲಲಿ ಎನಿಸಿತು.

"ಅದೆಲ್ಲ ನಿನಗ್ಯಾಕೆ? ನಾನಿದೀನಲ್ಲ" ಎಂದೆ.

ಹಾನಗಲ್ಲಿನ ಹತ್ತಿರ ಬಲಕ್ಕೆ ತಿರುಗಿದ ಮೇಲೆ ಬಂಡೆಗುಡ್ಡಗಳು ಶುರುವಾದವು. ಕರಡಿ ಕಂಡದ್ದು ಅಲ್ಲೇ. ಊರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೀದಿಯ ಉದ್ದಕ್ಕೂ ಮಗ್ಗದ ಸದ್ದು. ಮನೆಗಳ ಮುಂದೆ ಬಣ್ಣ ಹಾಕಿದ ರೇಷ್ಮೆ ಲಡಿಗಳು ಒಣಗುತ್ತಿದ್ದವು.

ಸಾಹುಕಾರರ ಅಂಗಡಿ ಪೇಟೆಯ ನಡುವೆ. ಎತ್ತರದ ಜಗಲಿ, ಹಣೆಯ ತುಂಬ ವಿಭೂತಿ, ಬಿಳಿ ಮೀಸೆ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಪಾನಕ ತರಿಸಿದರು. ಒಳಬಾಗಿಲ ಪರದೆಯ ಹಿಂದೆ ಬಳೆಯ ಸದ್ದಾಯಿತು. ಒಬ್ಬ ಮುದುಕ ನೇಕಾರರು ಕುದಿಸಿದ ಲಡಿಯೊಂದನ್ನು ಬೆರಳಿಗೆ ಸುತ್ತಿ ತೋರಿಸಿ, "ಬೆಣ್ಣಿ ಆಗೈತೆ ನೋಡ್ರಿ, ಬೆಣ್ಣಿ" ಎಂದರು. ಸಬ್ಬಿನವ್ವ ಜಗಲಿಯ ಕೆಳಗೆ ಬುಟ್ಟಿಗಳನ್ನು ಸಾಲಾಗಿ ಇಟ್ಟು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ.

ಅಷ್ಟರಲ್ಲಿ ಎತ್ತಿಗೆ ನೀರು ಕುಡಿಸಿ ಬಂದ ಬೋರಯ್ಯ ಸುಮ್ಮನಿರಲಾರದೆ, "ಸಾವ್ಕಾರ್ರೇ, ನಿಮ್ಮ ಹುಡುಗ್ರಿಗೆ ಜ್ವಾಪಾನ ಇರಾಕೆ ಹೇಳ್ರಿ. ನಮ್ಮ ಮೇಷ್ಟ್ರು ತಳಕಿನಾಗೆ ಅಣ್ಣನ್ನೇ ತಿಂದವ್ರೆ" ಎಂದು ಕಥೆ ಒದರಿದ. ಜಗಲಿಯೆಲ್ಲ ನಕ್ಕಿತು. ಪರದೆಯ ಹಿಂದೆಯೂ ನಕ್ಕರು.

"ಏನಪ್ಪಾ, ಇಷ್ಟು ಓದಿ ತೆಲುಗು ಬರಲ್ವಾ?" ಎಂದರು ಸಾಹುಕಾರರು ನನ್ನ ಬೆನ್ನು ತಟ್ಟಿ. "ನನ್ನ ಕೇಳು. ತೆಲುಗಿನೋರ ಸಂಗ್ಡ ಯಾಪಾರ ಮಾಡಿ ಮಾಡಿ ಮೀಸೆ ಬೆಳ್ಳಗಾಗೈತೆ."

ಆಮೇಲೆ ಬುಟ್ಟಿಯಿಂದ ಒಂದು ಬಿಲ್ಲೆ ಎತ್ತಿದರು. ಕೈಗೆ ಸಿಕ್ಕಿದ್ದು ಬಾಣಂತಿ ಬಿಲ್ಲೆ. ಮೂಸಿ ಹುಬ್ಬು ಗಂಟಿಕ್ಕಿದರು.

"ಇದರ ವಾಸ್ನೆ ಬೇರೆ ಐತಲ್ಲ. ಏನ್ ಹಾಕೀಯವ್ವಾ ಇದಕ್ಕೆ?"

"ಹಿಪ್ಪ ನೂನೆ ಸಾಮಿ, ಕಾಸಿಂತ ಆವ ನೂನೆ" ಎಂದಳು ಅವಳು ಉತ್ಸಾಹದಿಂದ, ಹಿಪ್ಪೆ ಎಣ್ಣೆ, ಒಂದಿಷ್ಟು ಸಾಸಿವೆ ಎಣ್ಣೆ ಎಂದು. ಆ ಸುಟ್ಟ ನಾಲಿಗೆಯ ಮೇಲೆ ಆವದ ಕೊನೆ ಮಸುಕಾಯಿತು.

ಸಾಹುಕಾರರ ಕೈ ಹಾಗೇ ನಿಂತಿತು. "ಏನಂದೆ? ಆವು?"

"ಆವ, ಸಾಮಿ."

"ಆವಿನ ಎಣ್ಣೆ ಅಂದ್ರೆ ಇನ್ನೇನು? ಹಸುವಿನ ಕೊಬ್ಬು!" ಬಿಲ್ಲೆ ಅವರ ಕೈಯಿಂದ ಜಾರಿ ಜಗಲಿಯ ಮೇಲೆ ಉರುಳಿತು. ಅವರು ನನ್ನ ಕಡೆ ತಿರುಗಿದರು. "ಏನಪ್ಪಾ, ನನಗೆ ಸರಿಯಾಗೇ ಕೇಳ್ತಲ್ಲ? ಆವು ಅಂದ್ಲಲ್ಲ?"

ಇಲ್ಲ, ಸಾಸಿವೆ ಎನ್ನಬೇಕಿತ್ತು. ಈಗತಾನೇ ನನ್ನ ತೆಲುಗಿಗೆ ನಕ್ಕ ಜನರ ಎದುರು, ತೆಲುಗನ್ನು ಅರೆದು ಕುಡಿದವರೆಂದು ಈಗತಾನೇ ಹೇಳಿಕೊಂಡ ಹಿರಿಯರಿಗೆ, ನಿಮಗೆ ತಪ್ಪು ಕೇಳಿತು ಎನ್ನಬೇಕಿತ್ತು. ಪರದೆಯ ಹಿಂದೆ ಬಳೆಯ ಸದ್ದು ನಿಂತಿತ್ತು.

"ಹೌದ್ರಿ" ಎಂದೆ.

ಮುದುಕ ನೇಕಾರರು ಕುಳಿತಲ್ಲಿಂದಲೇ, "ಆವ ಅಂದ್ರೆ ಸಾಸಿವೆನೂ ಆಗ್ತೈತಲ್ರೀ ಸಾವ್ಕಾರ್ರೇ, ನಮ್ಮ ಮನ್ಯಾಗೆ ಹಂಗೇ ಅಂತೀವಿ" ಎಂದರು.

ಸಾಹುಕಾರರು ಮತ್ತೆ ನನ್ನನ್ನೇ ನೋಡಿದರು. "ನೀನು ಅವರ ಹಿತ್ಲ ಮಗ್ಗುಲಾಗೇ ಇರೋನು. ಕಾಯಿಸೋದು ಕಂಡಿರ್ತೀಯಾ. ನೀನೇ ಹೇಳಿಬಿಡು, ಕೊಬ್ಬೋ, ಸಾಸಿವೆಯೋ?"

ದೇವರು ಎರಡನೆಯ ಸಲ ಬಾಗಿಲು ತೆರೆದಿದ್ದ. ಆದರೆ ಈಗ ಸಾಸಿವೆ ಎಂದರೆ ಮೊದಲು ಹೌದೆಂದದ್ದು ಸುಳ್ಳಾಗುತ್ತಿತ್ತು.

"ಕಾಯಿಸೋವಾಗ ನಾನು ಒಳಗೆ ಹೋದೋನಲ್ಲ. ಏನ್ ಹಾಕ್ತಾಳೋ ನನಗೆ ಗೊತ್ತಿಲ್ಲ" ಎಂದೆ. ಅವಳ ಗಾಣದಲ್ಲಿ ಸಾಸಿವೆ ಆಡುವುದನ್ನು ನಮ್ಮ ಹಿತ್ತಿಲಿನಿಂದ ಎಷ್ಟೋ ಸಲ ನೋಡಿದ್ದೆ. ಆ ಸಾಸಿವೆ ನಮ್ಮ ಅಂಗಡಿಯದೇ, ಅಳೆದುಕೊಟ್ಟವನು ನಾನೇ.

"ಜೊತೆಗೆ ಬಂದೋನೇ ಹಿಂಗಂದ ಮ್ಯಾಲೆ ಇನ್ನೇನೈತೆ" ಎಂದು ಯಾರೋ ಅಂದರು. ಮುದುಕ ನೇಕಾರರು ಬೆರಳಿನ ಲಡಿ ಬಿಚ್ಚಿ ಕೆಳಗಿಟ್ಟರು.

ಅವಳಿಗೆ ಕನ್ನಡ ಪೂರ್ತಿ ತಿಳಿಯದಿದ್ದರೂ ಮುಖಗಳು ತಿಳಿದವು. "ಆವಾಲು ಸಾಮಿ! ಆವಾಲು!" ಎಂದು ಕೈಮುಗಿದು ಕೂಗಿದಳು. ಸಾಸಿವೆ ಕಾಳು ಎಂಬ ಆ ಮಾತು ಆ ಗದ್ದಲದಲ್ಲಿ ಇನ್ನೂ ಹಾಳಾಯಿತು. "ಈಗ ಆವಿನ ಹಾಲು ಅಂತಾಳಲ್ಲೋ! ಹಾಲಾಗೆ ಸಬ್ಬು ಮಾಡ್ತಾಳಂತೆ!" ಎಂದು ಒಬ್ಬ ಅಣಕಿಸಿದ. ಅವಳು ನನ್ನತ್ತ ತಿರುಗಿದಳು.

"ಚೆಪ್ಪು ನಾಯನಾ. ನುವ್ವು ಚೆಪ್ಪು." ಹೇಳು ಮಗನೇ, ನೀನು ಹೇಳು.

ಪಾನಕದ ಲೋಟದ ತಳದಲ್ಲಿ ಬೆಲ್ಲ ಕರಗದೆ ಉಳಿದಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಬುಟ್ಟಿಗಳನ್ನು ಮೋರಿಗೆ ಸುರಿದರು. ಜಗಲಿ ಮೈಲಿಗೆಯಾಯಿತೆಂದು ಕೊಡಗಟ್ಟಲೆ ಅರಿಸಿನದ ನೀರು ಹೊಯ್ದರು. ಆ ನೀರು ಬಿಲ್ಲೆಗಳ ಮೇಲೆ ಹರಿದು ನೊರೆ ಎದ್ದಿತು. ನೊರೆ ಮೋರಿ ತುಂಬಿ ಬೀದಿಗೆ ಬಂತು. ಬೀದಿಯ ಹಳೆಯ ಕೊಳೆಯೆಲ್ಲ ಎದ್ದುಹೋಗಿ ಕಲ್ಲು ಬೆಳ್ಳಗಾಯಿತು. ಬೈಯುತ್ತ ದಾಟಿದವರ ಪಾದವೂ ಬೆಳ್ಳಗಾಯಿತು. ಸಬ್ಬಿನವ್ವ ಬರಿದಾದ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟಳು.

ಅದೇ ಸಬ್ಬಿನಲ್ಲಿ ಕುದಿಸಿದ್ದ ರೇಷ್ಮೆಯನ್ನು ಏನು ಮಾಡುವುದೆಂದು ನೇಕಾರರು ಕೇಳಿದರು. "ಬೆಂಕಿ ಕಂಡಿದ್ದಕ್ಕೆ ಮೈಲಿಗೆ ಇಲ್ಲ. ನೇಯ್ರಿ" ಎಂದರು ಸಾಹುಕಾರರು. ಸಬ್ಬೂ ಬೆಂಕಿ ಕಂಡದ್ದೇ ಎಂದು ಯಾರೂ ಹೇಳಲಿಲ್ಲ. ಆ ರೇಷ್ಮೆಯಿಂದ ನೇಯಿಸಿದ ಸೀರೆಯನ್ನು ಉಟ್ಟೇ ಅವರ ಮಗಳು ನನ್ನ ಪಕ್ಕದಲ್ಲಿ ಹಸೆಮಣೆಗೆ ಕುಳಿತಳು. ಬೆಣ್ಣೆಯಂಥ ಸೀರೆ. ಬದುಕಿರುವತನಕ ಅವಳು ಅದನ್ನು ಹೊಗಳುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ.

ಮಾರನೆಯ ಬೆಳಿಗ್ಗೆ ಊರ ಹೊರಗೆ ದಾರಿ ಕವಲಾಗುವಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿದಳು. ರಾಯದುರ್ಗಕ್ಕೆ ಹೊರಟಿದ್ದ ಉಪ್ಪಿನ ಗಾಡಿಯೊಂದು ಅಲ್ಲಿ ನಿಂತಿತ್ತು. ಗಾಣದ ಬಾಗಿಲು ಮುಚ್ಚಿಕೊಳ್ಳಲು ಮೈದುನನೇ ಬರುತ್ತಾನೆ, ತಾನು ಚಳ್ಳಕೆರೆಗೆ ಬಂದು ಮಾಡುವುದೇನೂ ಇಲ್ಲ ಎಂದಳು. ಬೋರಯ್ಯ ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಬುಟ್ಟಿಗಳನ್ನು ತಾನೇ ಇಳಿಸಿಕೊಟ್ಟು, ನನ್ನ ಕಡೆ ನೋಡದೆ ಎತ್ತಿನ ಹಗ್ಗ ಸರಿಮಾಡುತ್ತ ನಿಂತ.

ಅವಳು ಮಡಿಲಿನಿಂದ ಒಂದು ಬಾಣಂತಿ ಬಿಲ್ಲೆ ತೆಗೆದಳು. ಮೋರಿಯಿಂದ ಹೆಕ್ಕಿದ್ದಲ್ಲ, ನಮ್ಮ ಅವ್ವನಿಗೆಂದು ಊರಿನಿಂದಲೇ ಬೇರೆ ಕಟ್ಟಿಟ್ಟದ್ದು. ನನ್ನ ಕೈಯಲ್ಲಿಟ್ಟು, ಸಮಾಧಾನದ ದನಿಯಲ್ಲಿ ಹೇಳಿದಳು.

"ನೀಕು ತೆಲುಗು ಬಾಗಾನೇ ವಚ್ಚು, ನಾಯನಾ."

ನಿನಗೆ ತೆಲುಗು ಚೆನ್ನಾಗಿಯೇ ಬರುತ್ತದೆ ಮಗನೇ ಎಂದು.

ಗಾಡಿ ಸ್ವಲ್ಪ ದೂರ ಬಂದ ಮೇಲೆ ತಿರುಗಿ ನೋಡಿದೆ. ಉಪ್ಪಿನ ಗಾಡಿಯಲ್ಲಿ ಕೂರಲು ಜಾಗವಿರಲಿಲ್ಲವೋ ಏನೋ, ಅವಳು ತಲೆಯ ಮೇಲೆ ಬುಟ್ಟಿಗಳ ಗೋಪುರ ಹೊತ್ತು ಅದರ ಹಿಂದೆ ನಡೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಗಾಡಿಯೂ ಅವಳೂ ಬಂಡೆಯ ಮರೆಗೆ ಹೋದರು.

ಅವ್ವ ಆ ಬಿಲ್ಲೆಯನ್ನು ಎಲೆಯಷ್ಟು ತೆಳ್ಳಗಾಗುವತನಕ ಬಳಸಿದಳು. ಪ್ರತಿ ಚಳಿಗಾಲಕ್ಕೂ, "ಆಯಮ್ಮ ಎಲ್ಲಿ ಹೋದ್ಲೋ, ಒಂದು ಸಬ್ಬು ತಂದುಕೊಡೋ" ಎನ್ನುವಳು. ಎಷ್ಟೋ ವರ್ಷದ ನಂತರ ಮಾವನವರ ಕೆಲಸಕ್ಕೆ ರಾಯದುರ್ಗಕ್ಕೆ ಹೋದಾಗ ಒಂದು ಎಣ್ಣೆ ಅಂಗಡಿಯ ಹಿತ್ತಿಲಲ್ಲಿ ಅವಳನ್ನು ಕಂಡೆ. ಹಿಂಡಿ ಕುಟ್ಟುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ತಲೆ ಎತ್ತಿದ್ದರೆ ಹೋಗಿ ಕಾಲಿಗೆ ಬೀಳುತ್ತಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅವಳು ತಲೆ ಎತ್ತಿದಳು. ನಾನೇ ಕಂಬದ ಮರೆಗೆ ಸರಿದು ಬಂದೆ. ಮತ್ತೆ ಹೋದಾಗ ಅವಳು ಇರಲಿಲ್ಲ.

ಅಚ್ಚಿನ ಮೇಲೆ ಕೆತ್ತಬೇಕಿದ್ದ ಆ ಅಕ್ಷರಗಳನ್ನು ತಳಕಿನ ಮರಳಿನ ಮೇಲೆ ಒಮ್ಮೆ ಬರೆದವನು ಇಷ್ಟು ವರ್ಷ ಮತ್ತೆಲ್ಲೂ ಬರೆಯಲಿಲ್ಲ. ಇಲ್ಲಿ ಬರೆಯುತ್ತೇನೆ: ಓಬುಳಮ್ಮ.